12–11ರ ಫೈನಲ್‌ಗೆ ಎಂಟು ಮಂದಿ: ಫ್ಯಾಂಟಸಿ ರಗ್ಬಿಯ ಒಂದು ಪ್ರಕರಣ ಅಧ್ಯಯನ

2023ರ ಅಕ್ಟೋಬರ್ 28, ಶನಿವಾರ. ಹಗಲು ಧರ್ಮಶಾಲೆಯಲ್ಲಿ ನ್ಯೂಜಿಲೆಂಡ್ ಕ್ರಿಕೆಟ್ ತಂಡ ಆಸ್ಟ್ರೇಲಿಯಾ ಎದುರು ಬರೀ 5 ರನ್‌ಗಳಿಂದ ಸೋತಿತ್ತು. ಬೆಂಗಳೂರು ಮೂಲದ ಕುಟುಂಬದ ರಚಿನ್ ರವೀಂದ್ರ 116 ಹೊಡೆದರೂ ಆಗಲಿಲ್ಲ. ಅದೇ ರಾತ್ರಿ, ನಮ್ಮ ಗಡಿಯಾರದಲ್ಲಿ ಹನ್ನೆರಡೂವರೆಗೆ, ಪ್ಯಾರಿಸ್ ಹತ್ತಿರದ ಸ್ಟಾಡ್ ದ ಫ್ರಾನ್ಸ್‌ನಲ್ಲಿ ಅದೇ ದೇಶದ ರಗ್ಬಿ ತಂಡ ವಿಶ್ವಕಪ್ ಫೈನಲ್ ಆಡಿತು. ಎದುರಾಳಿ ದಕ್ಷಿಣ ಆಫ್ರಿಕಾ. ಅವತ್ತು ಚಂದ್ರಗ್ರಹಣ ಬೇರೆ ಇತ್ತು. ಗ್ರಹಣ ಬಿಡುವ ತನಕ ಎದ್ದಿದ್ದವರಿಗೆ ಪೂರ್ತಿ ಪಂದ್ಯ ನೋಡಲು ಸಿಕ್ಕಿತು. ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11.

ಈ ಒಂದೇ ಪಂದ್ಯಕ್ಕೆ ಫ್ಯಾಂಟಸಿ ತಂಡ, ಅಂದರೆ ನಿಜವಾದ ಆಟಗಾರರನ್ನು ಆರಿಸಿ ಅವರ ಆಟಕ್ಕೆ ತಕ್ಕ ಅಂಕ ಎಣಿಸುವ ತಂಡ, ಹೇಗೆ ಕಟ್ಟಬೇಕಿತ್ತು ಅನ್ನುವುದೇ ಈ ಬರಹದ ವಿಷಯ. ಬೇರೆ ಪಂದ್ಯ ತೆಗೆದುಕೊಳ್ಳಬಹುದಿತ್ತು. ಆದರೆ ಒಂದು ದಿನದ ಫ್ಯಾಂಟಸಿ ಆಟದಲ್ಲಿ ಯಾವುದಕ್ಕೆ ಬೆಲೆ, ಯಾವುದಕ್ಕೆ ಇಲ್ಲ ಅನ್ನುವುದು ಇಷ್ಟು ಚೆನ್ನಾಗಿ ಕಾಣುವ ಇನ್ನೊಂದು ಪಂದ್ಯ ನನಗೆ ಗೊತ್ತಿಲ್ಲ.

ನಾವು ಆಡುವ ಲೆಕ್ಕ

ರಗ್ಬಿ ಹೊಸದಾದವರಿಗೆ ನಾಲ್ಕೇ ಮಾತು. ಒಂದೊಂದು ಕಡೆ 15 ಜನ. 1ರಿಂದ 8ರವರೆಗಿನ ನಂಬರ್ ಹಾಕಿದವರು ಫಾರ್ವರ್ಡ್‌ಗಳು: ದೊಡ್ಡ ಆಳುಗಳು, ಗುದ್ದಾಟ ಅವರದ್ದು. 9ರಿಂದ 15 ಬ್ಯಾಕ್‌ಗಳು: ಓಟ, ಪಾಸು, ಒದೆತ ಅವರದ್ದು. ಎದುರಾಳಿಯ ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದರೆ ಟ್ರೈ, 5 ಅಂಕ. ಆಮೇಲಿನ ಒದೆತ ಕನ್ವರ್ಶನ್, 2 ಅಂಕ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಕಿಕ್ ಕಂಬಗಳ ನಡುವೆ ಹೋದರೆ 3. ಹಳದಿ ಕಾರ್ಡ್ ಅಂದರೆ ಹತ್ತು ನಿಮಿಷ ಹೊರಗೆ, ಕೆಂಪು ಅಂದರೆ ಆ ದಿನಕ್ಕೆ ಆಟ ಮುಗಿಯಿತು.

ಫ್ಯಾಂಟಸಿಯಲ್ಲಿ ಪ್ರತಿ ಆ್ಯಪ್‌ಗೂ ತನ್ನದೇ ಅಂಕಪಟ್ಟಿ ಇರುತ್ತದೆ. ಇಲ್ಲಿ ನಮ್ಮ ಗೆಳೆಯರ ಬಳಗ ದುಡ್ಡಿಲ್ಲದೆ ಆಡುವ ಲೆಕ್ಕವನ್ನೇ ಹಿಡಿದಿದ್ದೇನೆ. ಟ್ರೈಗೆ 10. ಟ್ರೈಗೆ ದಾರಿ ಮಾಡಿಕೊಟ್ಟವನಿಗೆ 4. ಪೆನಾಲ್ಟಿಗೆ 3, ಕನ್ವರ್ಶನ್‌ಗೆ 2. ಪ್ರತಿ ಟ್ಯಾಕಲ್‌ಗೆ, ಅಂದರೆ ಚೆಂಡು ಹಿಡಿದವನನ್ನು ಕೆಡವಿದ್ದಕ್ಕೆ, 1. ಚೆಂಡು ಹಿಡಿದು ಓಡಿದ ಪ್ರತಿ ಹತ್ತು ಮೀಟರ್‌ಗೆ 1. ಎದುರಾಳಿಯಿಂದ ಚೆಂಡು ಕಸಿದರೆ 4. ಪಂದ್ಯಶ್ರೇಷ್ಠನಿಗೆ 10. ಹಳದಿ ಕಾರ್ಡ್‌ಗೆ 5 ಕಳೆತ, ಕೆಂಪಿಗೆ 8 ಕಳೆತ. ನಾಯಕನಿಗೆ ಎಲ್ಲವೂ ಎರಡರಷ್ಟು. ಎರಡೂ ಕಡೆ ಸೇರಿ ಎಂಟು ಜನರನ್ನು ಆರಿಸಬೇಕು. ಒಂದು ದೇಶದಿಂದ ಐದಕ್ಕಿಂತ ಜಾಸ್ತಿ ಬೇಡ. ಫಾರ್ವರ್ಡ್ ಮೂವರಾದರೂ ಇರಬೇಕು, ಬ್ಯಾಕ್ ಮೂವರಾದರೂ ಇರಬೇಕು.

ಈ ಪಟ್ಟಿಯನ್ನು ಆಟಗಾರರ ಹೆಸರು ನೋಡುವ ಮೊದಲು ಓದಬೇಕು. ಕ್ರಿಕೆಟ್ ಫ್ಯಾಂಟಸಿ ಆಡಿ ಬಂದವರು ಇದನ್ನು ಓದದೆ ನೇರವಾಗಿ ಹೆಸರಿಗೆ ಹೋಗುತ್ತಾರೆ. ಟ್ಯಾಕಲ್‌ಗೆ 1 ಅಂಕ ಅಂದಾಗ ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಒಬ್ಬ ಫ್ಲ್ಯಾಂಕರ್, ಅಂದರೆ 6 ಅಥವಾ 7ನೇ ನಂಬರಿನವನು, ಒಂದು ಬಿಗಿ ಪಂದ್ಯದಲ್ಲಿ ಹದಿನೈದು ಟ್ಯಾಕಲ್ ಮಾಡುವುದು ಮಾಮೂಲಿ. ಟ್ರೈ ಹಾಗಲ್ಲ. ಜಗತ್ತಿನ ಅತ್ಯುತ್ತಮ ವಿಂಗರ್‌ಗೂ, ಅಂದರೆ ಅಂಚಿನಲ್ಲಿ ಓಡುವ 11 ಅಥವಾ 14ನೇ ನಂಬರಿನವನಿಗೂ, ಅದು ಎಲ್ಲ ದಿನ ಸಿಗುವುದಿಲ್ಲ.

ಎರಡು ತಂಡಗಳು

ಬಳಗದಲ್ಲಿ ಆ ರಾತ್ರಿ ಹಲವರು ತಂಡ ಕೊಟ್ಟಿದ್ದರು. ಎರಡನ್ನು ಮಾತ್ರ ಎದುರುಬದುರು ಇಡುತ್ತೇನೆ.

ಮೊದಲನೆಯದು ಹಿಂದಿನ ವಾರದ ಆಟ ನೋಡಿ ಕಟ್ಟಿದ ತಂಡ. ನ್ಯೂಜಿಲೆಂಡ್ ವಿಂಗರ್ ವಿಲ್ ಜೋರ್ಡನ್ ನಾಯಕ. ಜೊತೆಗೆ ಶಾನನ್ ಫ್ರಿಜೆಲ್, ರಿಚಿ ಮೊಉಂಗಾ, ಆರ್ಡಿ ಸವಿಯಾ. ದಕ್ಷಿಣ ಆಫ್ರಿಕಾದಿಂದ ಚೆಸ್ಲಿನ್ ಕೋಲ್ಬೆ, ಕರ್ಟ್-ಲೀ ಅರೆಂಡ್ಸೆ, ಬೊಂಗಿ ಎಂಬೊನಾಂಬಿ, ಏಬೆನ್ ಎಟ್ಜೆಬೆತ್. ಇದು ಸುಮ್ನೆ ಕಟ್ಟಿದ ತಂಡ ಅಲ್ಲ. ಎಂಟು ದಿನ ಮೊದಲು ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ಅರ್ಜೆಂಟೀನಾವನ್ನು 44–6ರಿಂದ ಮುಗಿಸಿತ್ತು. ಅದರಲ್ಲಿ ಜೋರ್ಡನ್‌ಗೆ ಮೂರು ಟ್ರೈ, ಫ್ರಿಜೆಲ್‌ಗೆ ಎರಡು. ಆ ವಿಶ್ವಕಪ್‌ನಲ್ಲಿ ಜೋರ್ಡನ್ ಟ್ರೈಗಳು ಒಟ್ಟು 8 ಆಗಿದ್ದವು. ಒಂದೇ ವಿಶ್ವಕಪ್‌ನಲ್ಲಿ 8 ಟ್ರೈ ಅಂದರೆ ಜೋನಾ ಲೋಮು, ಬ್ರಯಾನ್ ಹಬಾನಾ, ಜೂಲಿಯನ್ ಸವಿಯಾ ಅವರ ದಾಖಲೆಗೆ ಸಮ. ಇನ್ನೊಂದು ಟ್ರೈ ಬಂದರೆ ದಾಖಲೆ ಒಬ್ಬನದೇ. ಅಂಥವನನ್ನು ನಾಯಕ ಮಾಡದೆ ಇನ್ಯಾರನ್ನು ಮಾಡುತ್ತೀರಿ ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಎರಡನೆಯದನ್ನು ಕಟ್ಟಿದ್ದು ಬಳಗದ ಒಬ್ಬ ಗೆಳತಿ. ದಕ್ಷಿಣ ಆಫ್ರಿಕಾದ ಫ್ಲ್ಯಾಂಕರ್ ಪೀಟರ್-ಸ್ಟೆಫ್ ಡು ಟೊಯ್ ನಾಯಕ. ಹ್ಯಾಂಡ್ರೆ ಪೊಲಾರ್ಡ್, ಎಟ್ಜೆಬೆತ್, ಡೇಮಿಯನ್ ಡಿ ಅಲೆಂಡೆ. ನ್ಯೂಜಿಲೆಂಡ್‌ನಿಂದ ಸ್ಯಾಮ್ ಕೇನ್, ಆರ್ಡಿ ಸವಿಯಾ, ಬೋಡನ್ ಬ್ಯಾರೆಟ್, ಮಾರ್ಕ್ ತೆಲಿಯಾ. ಜೋರ್ಡನ್ ಇಲ್ಲ. ತಂಡ ಕೊಟ್ಟ ಹೊತ್ತಿನಲ್ಲಿ ಇದಕ್ಕೆ ಬಳಗದಲ್ಲಿ ಆಕ್ಷೇಪವೇ ಜಾಸ್ತಿ ಬಂತು.

ಗೆದ್ದಿದ್ದು ಈ ಎರಡನೇ ತಂಡ. ಅವರ ಯೋಚನೆ ಹೇಗೆ ಸಾಗಿತ್ತು ಅಂತ ಆಮೇಲೆ ಕೇಳಿ ತಿಳಿದುಕೊಂಡೆ. ಅದರ ಮೇಲೆ ನನ್ನದೂ ಒಂದಿಷ್ಟು ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ಎಷ್ಟು ಅಂಕದ ಪಂದ್ಯ?

ಅವರು ಶುರು ಮಾಡಿದ್ದು ಆಟಗಾರರಿಂದ ಅಲ್ಲ, ಪಂದ್ಯದ ಸ್ವಭಾವದಿಂದ. ಈ ಪಂದ್ಯದಲ್ಲಿ ಒಟ್ಟು ಎಷ್ಟು ಟ್ರೈ ಬರಬಹುದು?

ದಕ್ಷಿಣ ಆಫ್ರಿಕಾ ಅದಕ್ಕೆ ಮೊದಲು ಮೂರು ವಿಶ್ವಕಪ್ ಫೈನಲ್ ಆಡಿತ್ತು, ಮೂರೂ ಗೆದ್ದಿತ್ತು. 1995ರಲ್ಲಿ ಇದೇ ನ್ಯೂಜಿಲೆಂಡ್ ಎದುರು 15–12. ಎರಡೂ ಕಡೆ ಒಂದೂ ಟ್ರೈ ಇಲ್ಲ. ದಕ್ಷಿಣ ಆಫ್ರಿಕಾದ 15 ಅಂಕವೂ ಜೋಯೆಲ್ ಸ್ಟ್ರಾನ್ಸ್ಕಿ ಕಾಲಿನಿಂದ ಬಂದವು. 2007ರಲ್ಲಿ ಇಂಗ್ಲೆಂಡ್ ಎದುರು 15–6. ಆಗಲೂ ಟ್ರೈ ಇಲ್ಲ. 2019ರಲ್ಲಿ ಇಂಗ್ಲೆಂಡ್ ಎದುರು 32–12. ಆಗ ಎರಡು ಟ್ರೈ ಬಂದವು, ಆದರೆ 32ರಲ್ಲಿ 22 ಅಂಕ ಪೊಲಾರ್ಡ್ ಒಬ್ಬನೇ ಒದ್ದು ತಂದಿದ್ದು. ಮೂರು ಫೈನಲ್‌ಗಳಲ್ಲಿ ಅವರ ಮೇಲೆ ಯಾರೂ ಒಂದೇ ಒಂದು ಟ್ರೈ ಹಾಕಿರಲಿಲ್ಲ. ಇದನ್ನು ನೋಡಿದ ಮೇಲೆ ವಿಂಗರ್‌ನನ್ನು ನಾಯಕ ಮಾಡಲು ಕೈ ಹೋಗುವುದಿಲ್ಲ.

ಹಳೇ ಕಥೆ ಸಾಲದು ಅಂದರೆ ಅದೇ ಟೂರ್ನಿ ನೋಡಿ. ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ ಎದುರು 29–28. ಅದರಲ್ಲಿ ಟ್ರೈ ಸಾಕಷ್ಟು ಬಂದವು, ನಿಜ. ಆದರೆ ಸೆಮಿಫೈನಲ್ ಇಂಗ್ಲೆಂಡ್ ಎದುರು, ಮಳೆಯಲ್ಲಿ, 16–15. ಇಡೀ ಪಂದ್ಯಕ್ಕೆ ಒಂದೇ ಟ್ರೈ, ಅದೂ 69ನೇ ನಿಮಿಷದಲ್ಲಿ ಬೆಂಚಿನಿಂದ ಬಂದ ಆರ್.ಜಿ. ಸ್ನೈಮನ್‌ದು. ಇಂಗ್ಲೆಂಡಿನ 15 ಅಂಕವೂ ಓವನ್ ಫ್ಯಾರೆಲ್ ಒದ್ದಿದ್ದು. ಕೊನೆಗೆ ಪಂದ್ಯ ಗೆಲ್ಲಿಸಿದ್ದು ಪೊಲಾರ್ಡ್‌ನ ದೂರದ ಪೆನಾಲ್ಟಿ. ಫೈನಲ್ ರಾತ್ರಿಯೂ ಪ್ಯಾರಿಸ್‌ನಲ್ಲಿ ಮಳೆ. ಚೆಂಡು ಒದ್ದೆಯಾದರೆ ಕೈಯಿಂದ ಜಾರುತ್ತದೆ. ಕೋಚ್‌ಗಳು ಅಂಚಿಗೆ ಉದ್ದ ಪಾಸ್ ಹಾಕುವುದನ್ನು ಕಡಿಮೆ ಮಾಡಿಸುತ್ತಾರೆ. ಒದೆತ ಹೆಚ್ಚುತ್ತದೆ, ಗುದ್ದಾಟ ಹೆಚ್ಚುತ್ತದೆ. ಅಂಚಿನಲ್ಲಿ ನಿಂತ ವಿಂಗರ್ ಚೆಂಡಿಗಾಗಿ ಕಾಯುತ್ತಾ ನಿಲ್ಲಬೇಕಾಗುತ್ತದೆ.

ನ್ಯೂಜಿಲೆಂಡ್–ಅರ್ಜೆಂಟೀನಾ ಸೆಮಿಫೈನಲ್‌ನ ಸಂಗತಿಯೇ ಬೇರೆ. ಅಲ್ಲಿ ಎದುರಾಳಿಯ ಗೋಡೆ ಮೊದಲರ್ಧದಲ್ಲೇ ಒಡೆದಿತ್ತು. ಅಂಥ ಪಂದ್ಯದಲ್ಲಿ ಜೋರ್ಡನ್‌ನನ್ನು ನಾಯಕ ಮಾಡಿದವರು ಸರಿಯಾಗೇ ಮಾಡಿದ್ದರು. ಮುಂದಿನ ವಾರವೂ ಅದೇ ಆದೀತು ಅಂತ ಎಣಿಸಿದ್ದೇ ಮೊದಲ ತಂಡದ ಮುಖ್ಯ ದೋಷ ಅಂತ ನನ್ನ ಅಭಿಪ್ರಾಯ. ಆಟಗಾರ ಅದೇ, ಫಾರ್ಮ್ ಅದೇ. ಎದುರಿಗಿರುವ ಹದಿನೈದು ಜನ ಬೇರೆ.

7–1: ಬೆಂಚನ್ನು ಓದುವುದು

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು.

ರಗ್ಬಿಯಲ್ಲಿ ಬದಲಿ ಆಟಗಾರರು ಎಂಟು ಜನ. ಸಾಮಾನ್ಯವಾಗಿ ಐದು ಫಾರ್ವರ್ಡ್, ಮೂರು ಬ್ಯಾಕ್. ನ್ಯೂಜಿಲೆಂಡ್ ಹಾಗೇ ಮಾಡಿತು. ದಕ್ಷಿಣ ಆಫ್ರಿಕಾದ ಕೋಚ್ ಜಾಕ್ ನೀನಾಬರ್ ಮತ್ತು ಡೈರೆಕ್ಟರ್ ರಾಸ್ಸಿ ಇರಾಸ್ಮಸ್ ಮಾತ್ರ ಏಳು ಫಾರ್ವರ್ಡ್, ಒಬ್ಬನೇ ಬ್ಯಾಕ್ ಇಟ್ಟರು. ಆ ಒಬ್ಬ ವಿಲ್ಲಿ ಲೆ ರೂ. ಸೆಪ್ಟೆಂಬರ್‌ನಲ್ಲಿ ಐರ್ಲೆಂಡ್ ಎದುರಿನ ಗುಂಪು ಪಂದ್ಯದಲ್ಲೂ ಅವರು ಇದನ್ನೇ ಮಾಡಿದ್ದರು. ಆ ಪಂದ್ಯ 13–8ರಿಂದ ಸೋತಿದ್ದರು.

ಟಿವಿಯಲ್ಲಿ ಎಲ್ಲರೂ ಇದನ್ನು ಧೈರ್ಯ, ಜೂಜು ಅಂತೆಲ್ಲ ಮಾತಾಡಿದರು. ಫ್ಯಾಂಟಸಿ ಆಡುವವರಿಗೆ ಇದರಲ್ಲಿ ಬೇಕಾದ ಸುದ್ದಿ ಬೇರೆಯೇ ಇತ್ತು. ಬೆಂಚಿನಲ್ಲಿ ಒಬ್ಬನೇ ಬ್ಯಾಕ್ ಇದ್ದಾನೆ ಅಂದರೆ ಶುರುವಿನ ಏಳು ಬ್ಯಾಕ್‌ಗಳಲ್ಲಿ ಆರು ಜನ ಹೆಚ್ಚುಕಡಿಮೆ ಎಂಬತ್ತು ನಿಮಿಷವೂ ಆಡಲೇಬೇಕು. ಪೊಲಾರ್ಡ್‌ಗೆ ಬದಲಿ ಫ್ಲೈ-ಹಾಫ್, ಅಂದರೆ ಆಟ ನಡೆಸುವ 10ನೇ ನಂಬರಿನವನು, ಬೆಂಚಲ್ಲಿ ಇಲ್ಲ. ಆ ಟೂರ್ನಿಯಲ್ಲಿ 10ನೇ ನಂಬರ್ ಹಾಕಿ ಆಡುತ್ತಿದ್ದ ಮಾನಿ ಲಿಬೊಕ್‌ನನ್ನು 23 ಜನರ ಪಟ್ಟಿಯಿಂದಲೇ ಬಿಟ್ಟಿದ್ದರು. ಹಾಗಾಗಿ ಕೊನೆಯವರೆಗೂ ಪೆನಾಲ್ಟಿ ಒದೆಯುವವನು ಪೊಲಾರ್ಡ್ ಒಬ್ಬನೇ. ಫ್ಯಾಂಟಸಿಯಲ್ಲಿ ಇಷ್ಟು ಖಚಿತವಾದ ಮಾಹಿತಿ ಪಂದ್ಯಕ್ಕೆ ಮೊದಲು ಸಿಗುವುದು ಅಪರೂಪ. ಮಧ್ಯದಲ್ಲಿ ಚೆಂಡು ಹಿಡಿದು ನುಗ್ಗುವ, ಟ್ಯಾಕಲ್ ಕೂಡ ಮಾಡುವ ಸೆಂಟರ್ ಡಿ ಅಲೆಂಡೆಯನ್ನು ಆರಿಸಿದ್ದಕ್ಕೂ ಇದೇ ಕಾರಣ.

ಫಾರ್ವರ್ಡ್‌ಗಳ ವಿಷಯ ಇದಕ್ಕೆ ತಿರುಗುಮುರುಗು. ಏಳು ಹೊಸ ಆಳುಗಳು ಕಾಯುತ್ತಿದ್ದಾರೆ ಅಂದರೆ ಪ್ರಾಪ್‌ಗಳು (1, 3ನೇ ನಂಬರಿನವರು), ಲಾಕ್‌ಗಳು (4, 5), ನಂಬರ್ 8, ಎಲ್ಲರೂ 50ರಿಂದ 60ನೇ ನಿಮಿಷದ ಹೊತ್ತಿಗೆ ಹೊರಗೆ ಬರುವ ಸಾಧ್ಯತೆ ಜಾಸ್ತಿ. ಮೂವತ್ತು ನಿಮಿಷ ಕಡಿಮೆ ಆಡಿದವನಿಗೆ ಮೂವತ್ತು ನಿಮಿಷದ ಟ್ಯಾಕಲ್ ಇರುವುದಿಲ್ಲ. ಹಾಗಾದರೆ ಎಂಟು ಫಾರ್ವರ್ಡ್‌ಗಳಲ್ಲಿ ಪೂರ್ತಿ ಆಡುವವನು ಯಾರು? ಉತ್ತರ ಡು ಟೊಯ್. 2019ರ ವಿಶ್ವದ ಶ್ರೇಷ್ಠ ಆಟಗಾರ. ಎರಡು ಮೀಟರ್ ಎತ್ತರದ ಆಳು, ಲಾಕ್ ಆಗಿಯೂ ಆಡಬಲ್ಲ. 2020ರಲ್ಲಿ ಕಾಲಿಗೆ ಬಿದ್ದ ಪೆಟ್ಟು ಎಷ್ಟು ಕೆಟ್ಟದಾಗಿತ್ತು ಅಂದರೆ ಕಾಲನ್ನೇ ತೆಗೆಯಬೇಕಾದೀತು ಅನ್ನುವ ಮಟ್ಟಕ್ಕೆ ಹೋಗಿತ್ತು. ಅಲ್ಲಿಂದ ಎದ್ದು ಬಂದವನನ್ನು ಕೋಚ್‌ಗಳು ಕೊನೆಯ ನಿಮಿಷದವರೆಗೂ ಮೈದಾನದಲ್ಲೇ ಇಟ್ಟುಕೊಳ್ಳುತ್ತಿದ್ದರು. ಟೂರ್ನಿಯುದ್ದಕ್ಕೂ ಕೋಚ್ ಯಾರನ್ನು ಯಾವಾಗ ಹೊರಗೆ ಕರೆದ ಅನ್ನುವುದನ್ನು ಬರೆದಿಟ್ಟುಕೊಂಡರೆ ಇದು ಯಾರಿಗಾದರೂ ಕಾಣುತ್ತದೆ. ನಮ್ಮ ಗೆಳತಿ ಬರೆದಿಟ್ಟುಕೊಂಡಿದ್ದರು.

ಬೆಂಚನ್ನು ಓದಿದವರಿಗೆ ಇನ್ನೊಂದು ಅಪಾಯವೂ ಕಾಣಬೇಕಿತ್ತು. ದಕ್ಷಿಣ ಆಫ್ರಿಕಾದ ಮುಖ್ಯ ಹುಕರ್, ಅಂದರೆ 2ನೇ ನಂಬರಿನವನು, ಮಾಲ್ಕಮ್ ಮಾರ್ಕ್ಸ್ ಗಾಯಗೊಂಡು ಟೂರ್ನಿ ಬಿಟ್ಟಿದ್ದ. ಅವನ ಜಾಗಕ್ಕೆ ಅವರು ಹುಕರ್‌ನನ್ನು ಕರೆಸಲಿಲ್ಲ, ಪೊಲಾರ್ಡ್‌ನನ್ನು ಕರೆಸಿದರು. ಉಳಿದವನು ಎಂಬೊನಾಂಬಿ ಒಬ್ಬನೇ. ಅವನಿಗೆ ಬದಲಿ 37 ವರ್ಷದ ಡಿಯಾನ್ ಫೂರಿ, ಆಗ ಹೆಚ್ಚಾಗಿ ಫ್ಲ್ಯಾಂಕರ್ ಆಗಿ ಆಡುತ್ತಿದ್ದವನು. ಎಂಬೊನಾಂಬಿ ಜಾಸ್ತಿ ಹೊತ್ತು ಆಡುತ್ತಾನೆ ಅನ್ನುವುದು ಮೊದಲ ತಂಡದವರ ಲೆಕ್ಕ. ತಪ್ಪೇನಲ್ಲ. ಆದರೆ ಅವನು ಬಿದ್ದರೆ ಲೈನ್‌ಔಟ್‌ನಲ್ಲಿ, ಅಂದರೆ ಅಂಚಿನಾಚೆ ಹೋದ ಚೆಂಡನ್ನು ಮತ್ತೆ ಒಳಗೆ ಹಾಕುವಾಗ, ಎಸೆಯುವ ಕೆಲಸ ಬದಲಿಯವನ ಕೈಗೆ ಬರುತ್ತದೆ. ಆಗ ನ್ಯೂಜಿಲೆಂಡ್ ಕೈಗೆ ಚೆಂಡು ಹೆಚ್ಚು ಸಿಗುತ್ತದೆ, ದಕ್ಷಿಣ ಆಫ್ರಿಕಾ ಹೆಚ್ಚು ಟ್ಯಾಕಲ್ ಮಾಡಬೇಕಾಗುತ್ತದೆ.

ಎಂಬತ್ತು ನಿಮಿಷ

ಆಗಿದ್ದೂ ಅದೇ, ಅದೂ ಶುರುವಿನಲ್ಲೇ. ಮೂರನೇ ನಿಮಿಷದ ಹೊತ್ತಿಗೆ ಫ್ರಿಜೆಲ್ ಚೆಂಡಿಗಾಗಿ ನಡೆದ ಗುದ್ದಾಟದಲ್ಲಿ ಎಂಬೊನಾಂಬಿಯ ಕಾಲಿನ ಮೇಲೆ ಬಿದ್ದ. ಎಂಬೊನಾಂಬಿ ಕುಂಟುತ್ತಾ ಹೊರನಡೆದ, ಆ ರಾತ್ರಿ ವಾಪಸ್ ಬರಲಿಲ್ಲ. ಫ್ರಿಜೆಲ್‌ಗೆ ಹಳದಿ ಕಾರ್ಡ್. ಮೊದಲ ತಂಡದ ಎಂಟು ಜನರಲ್ಲಿ ಇಬ್ಬರು ಒಂದೇ ಏಟಿಗೆ ಕೈಬಿಟ್ಟರು. ಅದೇ ತಪ್ಪಿಗೆ ಸಿಕ್ಕ ಪೆನಾಲ್ಟಿಯನ್ನು ಪೊಲಾರ್ಡ್ ಒದ್ದು 3 ಅಂಕ ಮಾಡಿದ.

ಮೊದಲರ್ಧದಲ್ಲಿ ಪೊಲಾರ್ಡ್ ನಾಲ್ಕು ಪೆನಾಲ್ಟಿ ಒದ್ದ, ನಾಲ್ಕೂ ಹೋದವು. ಮೊಉಂಗಾ ಎರಡು ಹಾಕಿದ. 12–6. ದಕ್ಷಿಣ ಆಫ್ರಿಕಾದ ಅಂಕ ಅಲ್ಲಿಗೇ ಮುಗಿಯಿತು. ಉಳಿದ ನಲವತ್ತು ನಿಮಿಷ ಅವರು ಒಂದೂ ಅಂಕ ಗಳಿಸಲಿಲ್ಲ.

28ನೇ ನಿಮಿಷದ ಸುಮಾರಿಗೆ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ದಕ್ಷಿಣ ಆಫ್ರಿಕಾದ ಜೆಸ್ಸಿ ಕ್ರೀಲ್‌ನ ತಲೆಗೆ ತಾಗುವ ಹಾಗೆ ಟ್ಯಾಕಲ್ ಮಾಡಿದ. ರೆಫರಿ ವೇಯ್ನ್ ಬಾರ್ನ್ಸ್ ಹಳದಿ ಕೊಟ್ಟರು. ಆ ವರ್ಷ ಹೊಸದಾಗಿ ಬಂದಿದ್ದ ವ್ಯವಸ್ಥೆ ಒಂದಿತ್ತು. ಹಳದಿ ಸಿಕ್ಕವನು ಹೊರಗೆ ಕೂತಿರುವಾಗ ಬೇರೊಬ್ಬ ಅಧಿಕಾರಿ ವಿಡಿಯೊ ನೋಡಿ ಅದನ್ನು ಕೆಂಪು ಮಾಡಬೇಕೋ ಬೇಡವೋ ಅಂತ ಹೇಳುತ್ತಿದ್ದರು. ಕೇನ್‌ದು ಕೆಂಪಾಯಿತು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಕಂಡ ಮೊದಲ ಆಟಗಾರ. ಕುರ್ಚಿಯಲ್ಲಿ ಕೂತು ಪರದೆಯ ಮೇಲೆ ತನ್ನ ತೀರ್ಪು ನೋಡಿದಾಗಿನ ಅವನ ಮುಖ ನೋಡುವುದಕ್ಕೆ ಕಷ್ಟವಾಗಿತ್ತು. ನಮ್ಮ ಲೆಕ್ಕದಲ್ಲಿ ಎರಡನೇ ತಂಡಕ್ಕೆ 8 ಕಳೆತ. ಟ್ಯಾಕಲ್‌ಗಾಗಿಯೇ ಆರಿಸಿದ್ದ ಇಬ್ಬರು ಫ್ಲ್ಯಾಂಕರ್‌ಗಳಲ್ಲಿ ಒಬ್ಬ ಹೋದ.

ಎರಡನೇ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ದಕ್ಷಿಣ ಆಫ್ರಿಕಾದ ನಾಯಕ ಸಿಯಾ ಕೊಲಿಸಿಗೂ ಸವಿಯಾ ಮೇಲಿನ ಟ್ಯಾಕಲ್‌ಗೆ ಹಳದಿ. ಅದು ಹಳದಿಯಾಗೇ ಉಳಿಯಿತು. ಆಮೇಲೆ ನ್ಯೂಜಿಲೆಂಡ್‌ನ ಆ್ಯರನ್ ಸ್ಮಿತ್ ಟ್ರೈ ಹಾಕಿದ. ಲೈವ್ ಪಟ್ಟಿಯಲ್ಲಿ ಅವನನ್ನು ಆರಿಸಿದವರ ಹೆಸರು ಮೇಲೇರಿತು. ಬಾರ್ನ್ಸ್ ವಿಡಿಯೊ ಕಡೆ ತಿರುಗಿದರು. ಎಷ್ಟೋ ಹೊತ್ತು ಮೊದಲು ಲೈನ್‌ಔಟ್‌ನಲ್ಲಿ ಸವಿಯಾ ಕೈಯಿಂದ ಚೆಂಡು ಮುಂದಕ್ಕೆ ಜಾರಿತ್ತು, ರಗ್ಬಿಯಲ್ಲಿ ಅದು ತಪ್ಪು. ಟ್ರೈ ರದ್ದು, ಅಂಕವೂ ರದ್ದು. 58ನೇ ನಿಮಿಷದಲ್ಲಿ ತೆಲಿಯಾ ಎಡ ಅಂಚಿನಲ್ಲಿ ಒಬ್ಬೊಬ್ಬರನ್ನೇ ಕೊಡವಿಕೊಂಡು ನುಗ್ಗಿದ. ಅವನು ಬಿಟ್ಟ ಚೆಂಡು ಪುಟಿದು ಬೋಡನ್ ಬ್ಯಾರೆಟ್ ಕೈಗೆ ಬಂತು. ಟ್ರೈ. ದಕ್ಷಿಣ ಆಫ್ರಿಕಾ ಮೇಲೆ ವಿಶ್ವಕಪ್ ಫೈನಲ್‌ನಲ್ಲಿ ಬಿದ್ದ ಮೊದಲ ಟ್ರೈ ಅದು. ಬೋಡನ್ 2015ರ ಫೈನಲ್‌ನಲ್ಲೂ ಟ್ರೈ ಹಾಕಿದ್ದವನು. ಅಂಚಿನಿಂದ ಮೊಉಂಗಾ ಒದ್ದ ಕನ್ವರ್ಶನ್ ತಪ್ಪಿತು. 12–11.

73ನೇ ನಿಮಿಷದಲ್ಲಿ ಕೋಲ್ಬೆ ಬೇಕೆಂದೇ ಚೆಂಡು ಕೆಳಕ್ಕೆ ತಟ್ಟಿದ್ದಕ್ಕೆ ಹಳದಿ. ಆ ಪೆನಾಲ್ಟಿಯನ್ನು ಬೋಡನ್‌ನ ತಮ್ಮ ಜೋರ್ಡಿ ಬ್ಯಾರೆಟ್ ದೂರದಿಂದ ಒದ್ದ. ಕಂಬದ ಪಕ್ಕಕ್ಕೆ ಹೋಯಿತು. ಕೋಲ್ಬೆ ಹೊರಗೆ ಕೂತು ಅಂಗಿಯಿಂದ ಮುಖ ಮುಚ್ಚಿಕೊಂಡಿದ್ದ.

ಇದೆಲ್ಲ ಕಣ್ಣಿಗೆ ಕಾಣುವ ಘಟನೆಗಳು. ಇವುಗಳ ನಡುವೆ 7ನೇ ನಂಬರಿನ ಅಂಗಿ ತೊಟ್ಟ ಡು ಟೊಯ್ ಎದ್ದು ಬಿದ್ದು ಮತ್ತೆ ಎದ್ದು ಟ್ಯಾಕಲ್ ಮಾಡುತ್ತಲೇ ಇದ್ದ. ನ್ಯೂಜಿಲೆಂಡ್ 14 ಜನರಾದರೂ ಚೆಂಡು ಹಿಡಿದು ಮತ್ತೆ ಮತ್ತೆ ನುಗ್ಗುತ್ತಿತ್ತು. ಅವರ 12ನೇ ನಂಬರ್ ಜೋರ್ಡಿ ಬ್ಯಾರೆಟ್‌ಗೆ ಚೆಂಡು ಬಂದಾಗಲೆಲ್ಲ ಡು ಟೊಯ್ ಸಾಲಿನಿಂದ ಮುಂದಕ್ಕೆ ಚಿಮ್ಮಿ ಅವನ ಎದೆಗೇ ಹೋಗಿ ಬೀಳುತ್ತಿದ್ದ. ಹಿಂದಕ್ಕೆ ತಳ್ಳಿ ನೆಲಕ್ಕೆ ಕೆಡವಿ, ಕೂಡಲೇ ಎದ್ದು ಸಾಲಿಗೆ ಸೇರುತ್ತಿದ್ದ. ಪಂದ್ಯ ಮತ್ತೆ ನೋಡುವವರು ಒಂದು ಹತ್ತು ನಿಮಿಷ ಚೆಂಡು ಬಿಟ್ಟು ಅವನನ್ನೇ ನೋಡಿ. ಒಟ್ಟು 28 ಟ್ಯಾಕಲ್. ಪಂದ್ಯಶ್ರೇಷ್ಠನೂ ಅವನೇ.

ಲೆಕ್ಕ ಹಾಕಿದಾಗ

28 ಟ್ಯಾಕಲ್‌ಗೆ 28, ಪಂದ್ಯಶ್ರೇಷ್ಠಕ್ಕೆ 10. ನಾಯಕ ಆದ್ದರಿಂದ ಎರಡರಷ್ಟು: 76. ಅಷ್ಟನ್ನು ಜೋರ್ಡನ್ ನಾಯಕನಾಗಿ ಟ್ರೈಗಳಿಂದಲೇ ತರಬೇಕಿದ್ದರೆ ನಾಲ್ಕು ಟ್ರೈ ಹಾಕಬೇಕಿತ್ತು. ಅವನಿಗೆ ಆ ರಾತ್ರಿ ಒಂದೂ ಬರಲಿಲ್ಲ.

ಎರಡನೇ ತಂಡದ ಉಳಿದ ದೊಡ್ಡ ಬಾಬ್ತುಗಳು: ಪೊಲಾರ್ಡ್ 12, ಬೋಡನ್ 10, ದಾರಿ ಮಾಡಿದ ತೆಲಿಯಾಗೆ 4, ಕೇನ್ 8 ಕಳೆತ. ಎಲ್ಲ ಸೇರಿ 94. ಮೊದಲ ತಂಡದ ದೊಡ್ಡ ಬಾಬ್ತುಗಳು: ಮೊಉಂಗಾ ಎರಡು ಪೆನಾಲ್ಟಿಗೆ 6, ಫ್ರಿಜೆಲ್ 5 ಕಳೆತ, ಕೋಲ್ಬೆ 5 ಕಳೆತ. ಸೇರಿಸಿದರೆ ಸೊನ್ನೆಗಿಂತ 4 ಕೆಳಗೆ. ಡು ಟೊಯ್ ಬಿಟ್ಟು ಬೇರೆ ಯಾರ ಟ್ಯಾಕಲ್, ಮೀಟರ್ ಇದರಲ್ಲಿ ಸೇರಿಸಿಲ್ಲ. ಅವನ್ನು ಸೇರಿಸಿದರೆ ಮೊದಲ ತಂಡವೂ ಮೇಲಕ್ಕೆ ಬರುತ್ತದೆ. ಸವಿಯಾ, ಎಟ್ಜೆಬೆತ್ ಇಬ್ಬರೂ ಎರಡೂ ತಂಡದಲ್ಲಿದ್ದರು, ಅವರಿಂದ ವ್ಯತ್ಯಾಸ ಇಲ್ಲ. ಆದರೂ ಮಧ್ಯದ ಕಂದರ ಮುಚ್ಚುವಂಥದ್ದಲ್ಲ.

ಈಗ ಪ್ರಾಮಾಣಿಕವಾಗಿ ಕೇಳಬೇಕಾದ ಪ್ರಶ್ನೆ: ಇದರಲ್ಲಿ ಎಷ್ಟು ಜಾಣತನ, ಎಷ್ಟು ಅದೃಷ್ಟ?

ಫ್ರಿಜೆಲ್ ಮೂರನೇ ನಿಮಿಷದಲ್ಲಿ ಕಾರ್ಡ್ ತಿನ್ನುತ್ತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎಂಬೊನಾಂಬಿಯ ಮಂಡಿಯೂ ಹಾಗೇ. ಕೇನ್ ಹೋಗಿದ್ದೂ ಅಷ್ಟೇ. ಈ ಮೂರನ್ನೂ ಅದೃಷ್ಟದ ಖಾತೆಗೆ ಹಾಕುತ್ತೇನೆ. 28 ಅನ್ನುವ ಸಂಖ್ಯೆ ಕೂಡ ಅಸಾಧಾರಣ. ಕೇನ್ ಹೋಗದೆ ಇದ್ದಿದ್ದರೆ, ದಕ್ಷಿಣ ಆಫ್ರಿಕಾದ ಲೈನ್‌ಔಟ್ ಸರಿಯಾಗಿ ನಡೆದಿದ್ದರೆ, ಡು ಟೊಯ್‌ಗೆ ಹದಿನೆಂಟೋ ಇಪ್ಪತ್ತೋ ಸಿಗುತ್ತಿದ್ದವು. ಆದರೆ ಹದಿನೆಂಟು ಸಿಕ್ಕಿದ್ದರೂ ಅವನು ಒಳ್ಳೆಯ ನಾಯಕನೇ. ನನ್ನ ಮಟ್ಟಿಗೆ ಅವರ ಆಯ್ಕೆಯ ಬಲ ಇರುವುದು ಅಲ್ಲಿ. ಜೋರ್ಡನ್‌ಗೆ ಟ್ರೈ ಬಾರದಿದ್ದರೆ ಕೈಗೆ ಬರುವುದು ಒಂದಿಷ್ಟು ಮೀಟರ್, ನಾಲ್ಕಾರು ಟ್ಯಾಕಲ್. ಡು ಟೊಯ್ ಕೆಟ್ಟ ದಿನದಲ್ಲೂ ಒಂದಷ್ಟು ಟ್ಯಾಕಲ್ ತಂದೇ ತರುವವನು. ಬರೀ ಇಬ್ಬರ ಪಂದ್ಯವಾದರೆ, ಅಂದರೆ ಎದುರಿಗೆ ಒಬ್ಬನನ್ನೇ ಸೋಲಿಸಬೇಕಾದರೆ, ಈ ಭರವಸೆಯೇ ಸಾಕು.

ಸಾವಿರಾರು ಜನ ಆಡುವ ಕಡೆ ಮಾತು ಸ್ವಲ್ಪ ಬೇರೆ. ಅಲ್ಲಿ ಮೇಲಿನ ಕೆಲವರಿಗೆ ಮಾತ್ರ ಬಹುಮಾನ ಇರುತ್ತದೆ. ಎಲ್ಲರೂ ಆರಿಸಿದವನನ್ನು ನೀವೂ ಆರಿಸಿದರೆ, ಅವನು ಮಿಂಚಿದರೂ ನಿಮ್ಮ ಸ್ಥಾನ ಏರುವುದಿಲ್ಲ. ಜೋರ್ಡನ್‌ನನ್ನು ಬಿಟ್ಟಿದ್ದು ಇಲ್ಲಿ ಎರಡು ಪಟ್ಟು ಲಾಭ. ಅವನು ಸೊನ್ನೆ ಸುತ್ತಿದಾಗ ಅವನನ್ನು ನಾಯಕ ಮಾಡಿದ ಎಲ್ಲರೂ ಒಟ್ಟಿಗೆ ಕೆಳಗಿಳಿಯುತ್ತಾರೆ. ಆದರೆ ಬೇರೆಯವರಿಗಿಂತ ಬೇರೆಯಾಗಬೇಕು ಅಂತಲೇ ಯಾರೂ ಆರಿಸದ ಆಟಗಾರರನ್ನು ತುಂಬಿಕೊಳ್ಳುವುದು ದಡ್ಡತನ. ಎಂಟರಲ್ಲಿ ಒಬ್ಬನೋ ಇಬ್ಬರೋ ಬೇರೆಯಾದರೆ ಸಾಕು, ಅದಕ್ಕೂ ಪಂದ್ಯದೊಳಗಿನ ಕಾರಣ ಇರಬೇಕು.

ಆಟಗಾರರಿಗೆ ಬೆಲೆ ಕಟ್ಟಿ, ಇಷ್ಟೇ ಖರ್ಚು ಮಾಡಬೇಕು ಅನ್ನುವ ಆಟಗಳಲ್ಲಿ ಈ ಯೋಚನೆಗೆ ಇನ್ನೂ ಬೆಲೆ ಜಾಸ್ತಿ. ಬೆಲೆ ಕಟ್ಟುವವರೂ ಹಿಂದಿನ ಪಂದ್ಯಗಳ ಅಂಕ ನೋಡಿಯೇ ಕಟ್ಟುತ್ತಾರೆ. ಮೂರು ಟ್ರೈ ಹಾಕಿದ ವಿಂಗರ್ ಮುಂದಿನ ವಾರ ದುಬಾರಿಯಾಗುತ್ತಾನೆ. ಬೆಂಚ್ 7–1 ಆಗಿದೆ, ಆದ್ದರಿಂದ ಈ ಸೆಂಟರ್ ಎಂಬತ್ತು ನಿಮಿಷ ಆಡುತ್ತಾನೆ ಅನ್ನುವ ಸಂಗತಿ ಬೆಲೆಯಲ್ಲಿ ಸೇರಿರುವುದಿಲ್ಲ. ಬೆಲೆ ಮೊದಲೇ ನಿಗದಿಯಾಗಿರುತ್ತದೆ, 23 ಜನರ ಪಟ್ಟಿ ಆಮೇಲೆ ಬರುತ್ತದೆ. ನಡುವಿನ ಆ ಒಂದೆರಡು ದಿನದಲ್ಲೇ ಕೂತು ಕೆಲಸ ಮಾಡಬೇಕು.

ಎರಡನೇ ತಂಡದಲ್ಲಿ ನಾನು ಒಪ್ಪದ ಆಯ್ಕೆ ಒಂದಿದೆ: ಎಟ್ಜೆಬೆತ್. ಏಳು ಫಾರ್ವರ್ಡ್‌ಗಳ ಬೆಂಚ್ ಇರುವಾಗ ಲಾಕ್ ಪೂರ್ತಿ ಆಡುವುದಿಲ್ಲ ಅನ್ನುವುದು ಅವರ ಲೆಕ್ಕದಲ್ಲೇ ಇತ್ತು. ಆ ಜಾಗಕ್ಕೆ ಜೋರ್ಡಿ ಬ್ಯಾರೆಟ್ ಸರಿಯಾಗಿದ್ದ. ಆಗ ನ್ಯೂಜಿಲೆಂಡ್‌ನಿಂದ ಐದು ಜನ ಆಗುತ್ತಿದ್ದರು, ಫಾರ್ವರ್ಡ್ ಮೂವರೂ ಇರುತ್ತಿದ್ದರು, ನಿಯಮಕ್ಕೆ ಅಡ್ಡಿಯಿಲ್ಲ. ಹೆಸರಿನ ಸೆಳೆತ ಅಷ್ಟು ಜಾಣರನ್ನೂ ಬಿಡಲಿಲ್ಲ.

ದುಡ್ಡಿನ ಮಾತು, ಮುಂದಿನ ಪಂದ್ಯಗಳು

ಭಾರತದಲ್ಲಿ ಇದನ್ನು ದುಡ್ಡಿಟ್ಟು ಆನ್‌ಲೈನ್‌ನಲ್ಲಿ ಆಡುವ ದಾರಿ ಈಗ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸಿತು. ಡ್ರೀಮ್11 ಸೇರಿ ದೊಡ್ಡ ಕಂಪನಿಗಳು ದುಡ್ಡಿನ ಸ್ಪರ್ಧೆ ನಿಲ್ಲಿಸಿದವು. ಯಾರಾದರೂ ಈಗ ಹೊರದೇಶದ ಆ್ಯಪ್ ಹಾಕಿಕೊಂಡು ಆಡಿ, ದುಡ್ಡು ಬರುತ್ತದೆ ಅಂದರೆ ದಯವಿಟ್ಟು ಹೋಗಬೇಡಿ. ಗೆದ್ದರೂ ಕೈಗೆ ಬರುವ ಖಾತ್ರಿಯಿಲ್ಲ, ಕೇಳಲು ಹೋಗುವ ಜಾಗವೂ ಇಲ್ಲ. ಒಂದು ಶೀಟ್, ಒಂದು ಅಂಕಪಟ್ಟಿ, ಹತ್ತು ಗೆಳೆಯರು ಇದ್ದರೆ ಆಟಕ್ಕೆ ಏನೂ ಕಮ್ಮಿಯಾಗುವುದಿಲ್ಲ.

ಹತ್ತಿರದ ಆಟ ಬೇಕು ಅನ್ನುವವರಿಗೆ ರಗ್ಬಿ ಪ್ರೀಮಿಯರ್ ಲೀಗ್ ಇದೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಶುರುವಾಯಿತು, ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮ್ಮ ತಂಡವೂ ಇದೆ. ಅದು ಏಳು ಜನರ ರಗ್ಬಿ. ಮೈದಾನ ಅಷ್ಟೇ ದೊಡ್ಡದು, ಜನ ಅರ್ಧಕ್ಕಿಂತ ಕಡಿಮೆ, ಹೊತ್ತು ಕೆಲವೇ ನಿಮಿಷ. ಖಾಲಿ ಜಾಗ ಜಾಸ್ತಿ, ಟ್ರೈ ಜಾಸ್ತಿ, ಟ್ಯಾಕಲ್ ಕಡಿಮೆ. ಅಲ್ಲಿ ಮೇಲಿನ ಲೆಕ್ಕ ಉಲ್ಟಾ ಮಾಡಿ, ವೇಗದ ಓಟಗಾರನನ್ನೇ ನಾಯಕ ಮಾಡಬೇಕು.

ಹದಿನೈದು ಜನರ ಮುಂದಿನ ವಿಶ್ವಕಪ್ 2027ರಲ್ಲಿ ಆಸ್ಟ್ರೇಲಿಯಾದಲ್ಲಿ. ತಂಡಗಳು 20ರಿಂದ 24ಕ್ಕೆ ಏರುತ್ತವೆ. ಗುಂಪು ಹಂತದಲ್ಲಿ ದೊಡ್ಡ ತಂಡಕ್ಕೆ ಚಿಕ್ಕ ತಂಡ ಎದುರಾಗುವ ಪಂದ್ಯಗಳು ಹೆಚ್ಚುತ್ತವೆ. 2023ರಲ್ಲೇ ನ್ಯೂಜಿಲೆಂಡ್ ಇಟಲಿ ಮೇಲೆ 96, ಉರುಗ್ವೆ ಮೇಲೆ 73 ಅಂಕ ಹಾಕಿತ್ತು. ಅಂಥ ದಿನ ವಿಂಗರ್‌ಗಳನ್ನು ತುಂಬಿಕೊಳ್ಳಿ. ದೊಡ್ಡ ತಂಡದ ಫ್ಲ್ಯಾಂಕರ್‌ಗೆ ಆವತ್ತು ಟ್ಯಾಕಲ್ ಮಾಡಲು ಕೆಲಸವೇ ಇರುವುದಿಲ್ಲ, ಟ್ಯಾಕಲ್ ಬೇಕಾದರೆ ಚಿಕ್ಕ ತಂಡದ ಫ್ಲ್ಯಾಂಕರ್‌ನನ್ನು ತೆಗೆದುಕೊಳ್ಳಿ. ಕ್ವಾರ್ಟರ್‌ಫೈನಲ್‌ನಿಂದ ಮುಂದಕ್ಕೆ ಹೊಸದಾಗಿ ಶುರು ಮಾಡಿ: ಮೊದಲು ಬೆಂಚ್ ಪಟ್ಟಿ, ಆಮೇಲೆ ಮಳೆಯ ಸುದ್ದಿ, ಆಮೇಲೆ ಒದೆಯುವವನು ಯಾರು ಅನ್ನುವುದು. ಹೆಸರುಗಳನ್ನು ಅದಾದ ಮೇಲೆ ನೋಡಿ.